ಓದುಗರ ಪ್ರಶ್ನೆ, ನನ್ನ ಉತ್ತರ: ಏಳು ಐದಕ್ಕಿಂತ ದೊಡ್ಡದಲ್ಲವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯವನ್ನು ಸುತ್ತುತ್ತಿವೆ: ತೀರಾ ದುಬಾರಿಯಲ್ಲದ ಲ್ಯಾಪ್‌ಟಾಪಿನಲ್ಲಿ ಯಾವ ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್) ಇರಬೇಕು, ಗ್ರಾಫಿಕ್ಸ್ ಕಾರ್ಡ್ (ತೆರೆಯ ಚಿತ್ರ ಮೂಡಿಸುವ ಪ್ರತ್ಯೇಕ ಚಿಪ್) ಬೇಕೇ ಬೇಡವೇ. ಆದ್ದರಿಂದ ಪ್ರಿಂಟರ್ ಮತ್ತು ವೈಫೈ ದೂರುಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಕಳುಹಿಸಿದವರು ಮುನಿಸಿಕೊಳ್ಳಬಾರದು. ಹೊಸ ಓದುಗರಿಗೆ ಒಂದು ಮಾತು. ನಾನು ಹದಿನೆಂಟು ವರ್ಷ ಲ್ಯಾಪ್‌ಟಾಪ್ ರಿಪೇರಿಯ ಮೇಜಿನ ಮುಂದೆ ಕುಳಿತವಳು. ಕೀಲಿಮಣೆಯ ಪಕ್ಕದ ಸ್ಟಿಕ್ಕರ್ ಏನೇ ಹೇಳಲಿ, ಸ್ಕ್ರೂ ಬಿಚ್ಚಿ ತಳದ ಮುಚ್ಚಳ ತೆಗೆದಾಗ ಕಾಣುವುದು ಇಷ್ಟೇ: ಶಾಖ ಸಾಗಿಸುವ ತಾಮ್ರದ ಕೊಳವೆ ಎಷ್ಟು ದಪ್ಪವಿದೆ, ಫ್ಯಾನ್ ಒಂದೋ ಎರಡೋ, ರ್‍ಯಾಮ್ ಎಷ್ಟು ತುಂಡು. ಹಾಗಾಗಿ ಸ್ಟಿಕ್ಕರ್‌ಗಳ ಬಗ್ಗೆ ನನಗೆ ಗೌರವ ಸ್ವಲ್ಪ ಕಡಿಮೆ.

ಪ್ರ: ಮೇಡಂ, ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ್ದಾಳೆ. ಒಂದೇ ಬೆಲೆಗೆ ಎರಡು ಲ್ಯಾಪ್‌ಟಾಪ್ ಸಿಗುತ್ತಿವೆ. ಒಂದರಲ್ಲಿ ಕೋರ್ ಐ7-1255ಯು, 16 ಜಿಬಿ ರ್‍ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇನ್ನೊಂದರಲ್ಲಿ ಕೋರ್ ಐ5-12450ಎಚ್, 8 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 2050 ಕಾರ್ಡ್. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವನು. ಏಳು ಐದಕ್ಕಿಂತ ದೊಡ್ಡದಲ್ಲವೇ?

ಉ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಇಲ್ಲಿ ಏಳು, ಐದು ಎಂಬುವು ಅಂಕಿಗಳಲ್ಲ, ಬಿರುದುಗಳು. ಕೊಟ್ಟವರೂ ತಯಾರಕರೇ. ಬಿರುದನ್ನು ಬದಿಗಿಟ್ಟು ಅದರ ಹಿಂದಿರುವ ಅಂಕಿ ಅಕ್ಷರಗಳನ್ನು ನೋಡೋಣ.

1255, 12450 ಎರಡರಲ್ಲೂ ಮೊದಲ 12 ಎಂದರೆ ಇಂಟೆಲ್‌ನ 12ನೇ ಪೀಳಿಗೆ. ಎರಡೂ 2022ರ ಸರಕು. ಇವುಗಳ ಒಳಗೆ ಎರಡು ಬಗೆಯ ಕೋರ್‌ಗಳಿವೆ, ಅಂದರೆ ಲೆಕ್ಕ ಮಾಡುವ ಘಟಕಗಳು: ಬಲವಾದ ದೊಡ್ಡ ಕೋರ್, ಮಿತವಾಗಿ ವಿದ್ಯುತ್ ಬಳಸುವ ಚಿಕ್ಕ ಕೋರ್. ಐ7-1255ಯು ಒಳಗೆ ದೊಡ್ಡವು 2, ಚಿಕ್ಕವು 8. ಐ5-12450ಎಚ್ ಒಳಗೆ ದೊಡ್ಡವು 4, ಚಿಕ್ಕವು 4. ದೊಡ್ಡ ಕೋರ್ ಏಕಕಾಲಕ್ಕೆ ಎರಡು ಥ್ರೆಡ್‌ಗಳನ್ನು, ಅಂದರೆ ಕೆಲಸದ ಎಳೆಗಳನ್ನು, ಸಂಭಾಳಿಸುತ್ತದೆ, ಚಿಕ್ಕದು ಒಂದನ್ನು. ನೀವು ಲೆಕ್ಕಪತ್ರದವರು, ಕೂಡಿ ನೋಡಿ: ಎರಡಕ್ಕೂ 12 ಥ್ರೆಡ್ಡೇ ಬರುತ್ತದೆ. ಜಾಹೀರಾತಿನಲ್ಲಿ ಮಾತ್ರ ಒಂದು ‘10 ಕೋರ್’, ಇನ್ನೊಂದು ‘8 ಕೋರ್’. ಹತ್ತು ಜನರಲ್ಲಿ ಇಬ್ಬರು ಮಾತ್ರ ಗಟ್ಟಿಗರೆಂದು ಅಲ್ಲಿ ಯಾರೂ ಬರೆಯುವುದಿಲ್ಲ.

ಐ7 ಎಂಬ ಬಿರುದಿನ ತೂಕ ಎಷ್ಟೆಂದು ತಿಳಿಯಬೇಕಾದರೆ ಅದನ್ನು ಅದೇ ಸಾಲಿನ ಐ5-1235ಯು ಜೊತೆ ಇಟ್ಟು ನೋಡಬೇಕು. ಅದರೊಳಗೂ ದೊಡ್ಡವು 2, ಚಿಕ್ಕವು 8. ಬಿರುದಿನಿಂದ ಸಿಕ್ಕ ಹೆಚ್ಚುವರಿ ಎಂದರೆ ಗರಿಷ್ಠ ವೇಗ 4.4 ಗಿಗಾಹರ್ಟ್ಸ್ ಬದಲು 4.7, ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ 80 ಘಟಕಗಳ ಬದಲು 96. ಹೆಚ್ಚುಕಡಿಮೆ ಅಷ್ಟೇ.

ಇನ್ನು ಕೊನೆಯ ಅಕ್ಷರ. ನಿಜವಾದ ಕಥೆ ಇರುವುದು ಅಲ್ಲಿ. ಯು ಎಂದರೆ ಈ ಪೀಳಿಗೆಯಲ್ಲಿ ಹೆಚ್ಚಾಗಿ 15 ವ್ಯಾಟ್ ಮೂಲ ಶಕ್ತಿಯ ಚಿಪ್, ಎಚ್ ಎಂದರೆ 45 ವ್ಯಾಟ್. ಸ್ವಲ್ಪ ಹೊತ್ತು ಎರಡೂ ಇದಕ್ಕಿಂತ ಮೇಲೆ ಜಿಗಿಯಬಲ್ಲವು: ಯು 55 ವ್ಯಾಟ್‌ವರೆಗೆ, ಎಚ್ 95ರವರೆಗೆ. ಹೊಸ ಲ್ಯಾಪ್‌ಟಾಪ್ ತೆರೆದು ಎರಡು ನಿಮಿಷ ಆಡಿಸಿದಾಗ ಎರಡೂ ಒಂದೇ ಚುರುಕಿನವು ಎನ್ನಿಸುವುದು ಈ ಜಿಗಿತದಿಂದ. ಕೆಲಸ ಹತ್ತು ನಿಮಿಷ ಹಿಡಿಯಿತೆಂದರೆ ಯು ಚಿಪ್ ಬಿಸಿಯೇರಿ ತನ್ನ 15 ವ್ಯಾಟ್‌ಗಳ ಆಸುಪಾಸಿಗೆ ಇಳಿಯುತ್ತದೆ. ಆಗ ಬಿರುದು ಕೆಲಸಕ್ಕೆ ಬರುವುದಿಲ್ಲ.

ಹಾಗೆಂದು ಯು ಕಡೆಗಣಿಸುವಂಥದ್ದಲ್ಲ. ಕ್ಯಾಡ್ (ಕಂಪ್ಯೂಟರಿನಲ್ಲಿ ಯಂತ್ರದ ವಿನ್ಯಾಸ ಬಿಡಿಸುವ) ತಂತ್ರಾಂಶಗಳಲ್ಲಿ ಒಂದು ಬಿಡಿಭಾಗದ ಮಾದರಿ ರಚಿಸುವ ಕೆಲಸ ಬಹುತೇಕ ಒಂದೇ ಕೋರ್‌ನ ಮೇಲೆ ಬೀಳುತ್ತದೆ. ಅಲ್ಲಿ 4.7 ಗಿಗಾಹರ್ಟ್ಸ್ ಐ7 ಹಿಂದೆ ಬೀಳುವುದಿಲ್ಲ; 12450ಎಚ್‌ನ ಮಿತಿ 4.4. ಮೊದಲ ವರ್ಷದ ಅಭ್ಯಾಸಗಳಿಗೆ ಎರಡೂ ಸಾಕು. ಮುಂದೆ ಹತ್ತಾರು ಭಾಗಗಳ ಜೋಡಣೆಯನ್ನು ತೆರೆಯ ಮೇಲೆ ತಿರುಗಿಸಿ ನೋಡುವಾಗ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನಿಸುತ್ತದೆ. ಒತ್ತಡ, ಶಾಖದ ವಿಶ್ಲೇಷಣೆಗಳನ್ನು ಓಡಿಸುವಾಗ ಪ್ರೊಸೆಸರ್ ಅರ್ಧ ಗಂಟೆ ಏದುಸಿರು ಬಿಡುತ್ತದೆ. ಅಲ್ಲಿ 45 ವ್ಯಾಟ್‌ಗೆ ಬೆಲೆ. ಸಾಲಿಡ್‌ವರ್ಕ್ಸ್‌ನಂಥ ಕ್ಯಾಡ್ ತಂತ್ರಾಂಶಗಳು ಅಧಿಕೃತವಾಗಿ ಒಪ್ಪುವುದು ವೃತ್ತಿಪರ ಕಾರ್ಡ್‌ಗಳನ್ನು, ಆಟಕ್ಕೆಂದು ಎನ್ವಿಡಿಯಾ ಕಂಪನಿ ಮಾಡಿದ ಜಿಫೋರ್ಸ್ ಕಾರ್ಡ್‌ಗಳನ್ನಲ್ಲ (ಆರ್‌ಟಿಎಕ್ಸ್ 2050 ಇವುಗಳಲ್ಲೊಂದು). ಆದರೂ ವಿದ್ಯಾರ್ಥಿಯ ಕೆಲಸ ಜಿಫೋರ್ಸ್‌ನಲ್ಲಿ ನಡೆದುಹೋಗುತ್ತದೆ.

ಆದ್ದರಿಂದ ನನ್ನ ಮತ ಎರಡನೆಯದಕ್ಕೆ. ಒಂದೇ ಷರತ್ತು: ಎರಡನೇ ರ್‍ಯಾಮ್ ಸ್ಲಾಟ್ ಖಾಲಿಯಿದೆಯೇ ಎಂದು ವಿಚಾರಿಸಿ, ಇದ್ದರೆ ಇನ್ನೊಂದು 8 ಜಿಬಿ ಸೇರಿಸಿ. ಸ್ಲಾಟ್ ಇಲ್ಲವೆಂದರೆ ಅದನ್ನು ಕೈಬಿಡಿ, 8 ಜಿಬಿಯಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದುವುದು ಶಿಕ್ಷೆ. ಮಗಳು ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗುವವಳು, ಚಾರ್ಜರ್ ಮನೆಯಲ್ಲೇ ಬಿಟ್ಟು ಹೋಗುವವಳು ಎಂದಾದರೆ ಮಾತ್ರ ಮೊದಲನೆಯದನ್ನು ಯೋಚಿಸಿ. ಹಗುರ, ಬ್ಯಾಟರಿ ಎರಡರಲ್ಲೂ ಯು ಮುಂದೆ. ಅವಳನ್ನೇ ಕೇಳಿ. ಹೊರುವವಳು ಅವಳು.

ಒಂದು ತಪ್ಪೊಪ್ಪಿಗೆ. 2017ರಲ್ಲಿ ನಾನೂ ಐ7 ಎಂಬ ಅಕ್ಷರಕ್ಕೆ ಮಾರುಹೋದವಳೇ. ಮನೆಗೆ ತಂದು ನೋಡಿದರೆ ಐ7-7500ಯು. ಒಳಗೆ ಎರಡೇ ಕೋರ್. ಇಡೀ ದಿನ ಇತರರ ಲ್ಯಾಪ್‌ಟಾಪ್ ಬಿಚ್ಚುವ ನನಗೆ ನನ್ನದನ್ನು ಕೊಳ್ಳುವ ಮುನ್ನ ನಾಲ್ಕು ಅಂಕಿ ಓದುವ ತಾಳ್ಮೆ ಇರಲಿಲ್ಲ.

ಪ್ರ: ಅಕ್ಕ, ಅಣ್ಣನ ಬಳಿ 2021ರ ಲ್ಯಾಪ್‌ಟಾಪ್ ಇದೆ, ರೈಜೆನ್ 5 5600ಯು. ನಾನು ಹೊಸದಾಗಿ ಕೊಂಡದ್ದು ರೈಜೆನ್ 5 7520ಯು. ಎರಡರಲ್ಲೂ 8 ಜಿಬಿ ರ್‍ಯಾಮ್. ಆದರೂ ಅಣ್ಣನದೇ ವೇಗವಾಗಿದೆ, ಅವನು ದಿನವೂ ಹಂಗಿಸುತ್ತಾನೆ. ನನ್ನದರಲ್ಲಿ ಏನಾದರೂ ದೋಷವಿದೆಯೇ?

ಉ: ತಂಗೀ, ಯಂತ್ರದಲ್ಲಿ ದೋಷವಿಲ್ಲ, ಹೆಸರಿನಲ್ಲಿದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವುದು ಇಂಥದ್ದಕ್ಕೇ.

ರೈಜೆನ್ ತಯಾರಕ ಎಎಮ್‌ಡಿ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳ ನಾಲ್ಕು ಅಂಕಿಗಳಿಗೆ ನಾಲ್ಕು ಅರ್ಥ ಕೊಟ್ಟಿತ್ತು. ಮೊದಲನೆಯದು ಮಾರುಕಟ್ಟೆಗೆ ಬಂದ ವರ್ಷ: 7 ಎಂದರೆ 2023. ಎರಡನೆಯದು ದರ್ಜೆ. ಮೂರನೆಯದು ಒಳಗಿನ ವಿನ್ಯಾಸ ಯಾವ ಪೀಳಿಗೆಯದು ಎಂಬುದು. ನಾಲ್ಕನೆಯದು ಅದೇ ದರ್ಜೆಯೊಳಗೆ ಮೇಲಿನದೋ ಕೆಳಗಿನದೋ ಎಂಬುದು. ನಿನ್ನ 7520ರಲ್ಲಿ ಮೂರನೆಯ ಅಂಕಿ 2. ಅಂದರೆ ಝೆನ್ 2. ಅದು 2019ರಲ್ಲಿ ಮೊದಲು ಬಂದ ವಿನ್ಯಾಸ. ಅಣ್ಣನ 5600ಯು ಝೆನ್ 3. ಅದರ ಹೆಸರಿಗೆ ಹಳೆಯ ಅಂಕಿ, ಒಳಗೆ ಹೊಸ ವಿನ್ಯಾಸ. ಜೊತೆಗೆ ಅವನದು 6 ಕೋರ್, 12 ಥ್ರೆಡ್. ನಿನ್ನದು 4 ಕೋರ್, 8 ಥ್ರೆಡ್. ಗ್ರಾಫಿಕ್ಸ್‌ನಲ್ಲೂ ಅವನಿಗೆ ವೇಗಾ ಬಗೆಯ 7 ಘಟಕಗಳು, ನಿನಗೆ ರೇಡಿಯಾನ್ 610ಎಂ ಹೆಸರಿನಲ್ಲಿ 2 ಘಟಕಗಳು. ನಿನ್ನವು ಹೊಸ ಬಗೆಯವೆಂಬುದು ನಿಜ, ಆದರೆ ಎರಡು ಎರಡೇ.

ಇನ್ನೂ ಬೇಸರದ ಸಂಗತಿ: ರೈಜೆನ್ 3 7320ಯು ಒಳಗೂ 4 ಕೋರ್, 8 ಥ್ರೆಡ್, ಅದೇ 610ಎಂ. ಗರಿಷ್ಠ ವೇಗದಲ್ಲಿ ಕೂದಲೆಳೆಯ ಅಂತರ ಬಿಟ್ಟರೆ ‘3’ ‘5’ ಆಗಿದೆ, ಅಷ್ಟೇ. ಈ ಚಿಪ್ ಒಪ್ಪುವುದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ. ಅದು ಬೋರ್ಡಿಗೇ ಬೆಸುಗೆಯಾಗಿ ಬರುತ್ತದೆ, ಆದ್ದರಿಂದ ನಿನ್ನ 8 ಜಿಬಿ ಮುಂದೆಯೂ 8 ಜಿಬಿಯೇ. ಬರವಣಿಗೆ, ಆನ್‌ಲೈನ್ ತರಗತಿ, ಸಿನಿಮಾ, ಲೆಕ್ಕದ ಹಾಳೆ, ಇವಕ್ಕೆ ನಿನ್ನ ಲ್ಯಾಪ್‌ಟಾಪ್ ತಣ್ಣಗೆ, ಸದ್ದಿಲ್ಲದೆ ದುಡಿಯುತ್ತದೆ. ಬ್ಯಾಟರಿಯ ಪೈಪೋಟಿ ಇಟ್ಟು ಅಣ್ಣನನ್ನು ಸೋಲಿಸಬಹುದೇ ಎಂದು ನೋಡು.

ಇದೇ ಸಾಲಿನಲ್ಲಿ ಹುಡುಕುತ್ತಿರುವ ಉಳಿದವರಿಗೆ: ಮೂರನೆಯ ಅಂಕಿಯ ಮೇಲೆ ಬೆರಳಿಟ್ಟು ಓದಿ. 7530ಯು ಝೆನ್ 3, 6 ಕೋರ್. ಕಚೇರಿ ಕೆಲಸಕ್ಕೆ ಬಹಳ ಒಳ್ಳೆಯದು. 7535ಎಚ್‌ಎಸ್ ಅದಕ್ಕಿಂತ ತುಸು ಸುಧಾರಿಸಿದ್ದು, ಒಳಗಿನ ಗ್ರಾಫಿಕ್ಸ್ 660ಎಂ, 6 ಘಟಕ. 7640ಎಚ್‌ಎಸ್ ಝೆನ್ 4, 760ಎಂ, 8 ಘಟಕ. 7840ಎಚ್‌ಎಸ್ ಒಳಗಿನ 780ಎಂನಲ್ಲಿ 12 ಘಟಕಗಳಿವೆ. ಪ್ರತ್ಯೇಕ ಕಾರ್ಡ್ ಇಲ್ಲದೆಯೂ ಹಗುರ ಆಟಗಳನ್ನು ಆಡಿಸುತ್ತದೆ. ಹಳೆಯ 5000 ಸಾಲಿನಲ್ಲಿ ಈ ಬೆರಳಿನ ಉಪಾಯ ನಡೆಯುವುದಿಲ್ಲ. ಅಲ್ಲಿ 5500ಯು ಝೆನ್ 2, 5600ಯು ಝೆನ್ 3. ನೂರರ ಅಂತರದಲ್ಲಿ ಇಡೀ ಪೀಳಿಗೆಯೇ ಬದಲು. 2025ರಲ್ಲಿ ಬಂದ ರೈಜೆನ್ 200 ಸಾಲಿನಲ್ಲಿ ನಾಲ್ಕು ಅಂಕಿಗಳೇ ಇಲ್ಲ. ಒಳಗಿರುವುದು ಅದೇ ಝೆನ್ 4.

ಇಂಟೆಲ್ ಅಭಿಮಾನಿಗಳು ನಗಬೇಕಾಗಿಲ್ಲ. 2024ರಲ್ಲಿ ‘ಐ’ ಅಕ್ಷರ ಕಳಚಿ ಬಂದ ಕೋರ್ 5 120ಯು, ಕೋರ್ 7 150ಯು ಎರಡರಲ್ಲೂ ದೊಡ್ಡವು 2, ಚಿಕ್ಕವು 8. ಮೊದಲ ಉತ್ತರ ಓದಿದವರಿಗೆ ಈ ಜೋಡಿ ಪರಿಚಯದ್ದೇ. ಅದೇ ಹೊತ್ತಿನ ಕೋರ್ ಅಲ್ಟ್ರಾ ಬೇರೆ ಕುಲದ್ದು. ಅದರಲ್ಲೂ ಕೊನೆಯ ಅಕ್ಷರ ನೋಡಬೇಕು: ಅಲ್ಟ್ರಾ 5 125ಎಚ್ ಒಳಗೆ 7 ಗ್ರಾಫಿಕ್ಸ್ ಘಟಕ, 125ಯು ಒಳಗೆ 4. ಇಲ್ಲಿನ ಒಂದು ಘಟಕ ಹಿಂದಿನ ಲೆಕ್ಕದ ಹದಿನಾರಕ್ಕೆ ಸಮ. ಆದ್ದರಿಂದ ‘96 ಎಲ್ಲಿ, 7 ಎಲ್ಲಿ’ ಎಂದು ಗಾಬರಿಯಾಗಿ ಪತ್ರ ಬರೆಯಬೇಡಿ.

ಪ್ರ: ಮೇಡಂ, ನಾನು ಕೊಂಡ ಐ5-1235ಯು ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ‘ಐರಿಸ್ ಎಕ್ಸ್‌ಇ ಗ್ರಾಫಿಕ್ಸ್’ ಎಂದಿತ್ತು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದಿದೆ. ಬೇರೆ ಚಿಪ್ ಹಾಕಿ ಮೋಸ ಮಾಡಿದ್ದಾರೆಯೇ?

ಉ: ಇದೇ ಪ್ರಶ್ನೆ ಹೊತ್ತು ನನ್ನ ಮೇಜಿಗೆ ಬಂದವರು ಒಬ್ಬಿಬ್ಬರಲ್ಲ. ಒಬ್ಬರಂತೂ ದೂರಿನ ಪತ್ರವನ್ನು ಟೈಪ್ ಮಾಡಿಸಿ, ಸಹಿ ಹಾಕಿಯೇ ತಂದಿದ್ದರು. ಮುಚ್ಚಳ ತೆಗೆದೆ. ಎರಡು ರ್‍ಯಾಮ್ ಸ್ಲಾಟ್‌ಗಳಲ್ಲಿ ಒಂದು ಖಾಲಿ. ನನ್ನ ಡ್ರಾಯರಿನಲ್ಲಿದ್ದ ಅದೇ ಬಗೆಯ 8 ಜಿಬಿ ತುಂಡೊಂದನ್ನು ಪರೀಕ್ಷೆಗೆಂದು ಸಿಕ್ಕಿಸಿ ಲ್ಯಾಪ್‌ಟಾಪ್ ಚಾಲೂ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರು ತಾನಾಗಿಯೇ ‘ಐರಿಸ್ ಎಕ್ಸ್‌ಇ’ ಎಂದಾಯಿತು. ಅವರು ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿದರು.

ಚಿಪ್ ಅದೇ, ಒಳಗಿನ 80 ಘಟಕಗಳೂ ಅವೇ. ಆದರೆ ಮೆಮೊರಿಯ ಎರಡು ದಾರಿಗಳೂ ತುಂಬಿದ್ದರೆ ಮಾತ್ರ ಇಂಟೆಲ್ ಅದನ್ನು ಐರಿಸ್ ಎಕ್ಸ್‌ಇ ಎಂದು ಕರೆಯುತ್ತದೆ. ಒಂದೇ ದಾರಿಯಿದ್ದರೆ ಯುಎಚ್‌ಡಿ. ಇದು ಬರೀ ಹೆಸರಿನ ಹಟವಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತದ್ದೇನೂ ಇಲ್ಲ, ಪ್ರೊಸೆಸರ್ ಬಳಸುವ ರ್‍ಯಾಮ್‌ನಲ್ಲೇ ಪಾಲು ಕೇಳಬೇಕು. ಡಿಡಿಆರ್4-3200 ರ್‍ಯಾಮ್ ಒಂದೇ ತುಂಡಿದ್ದರೆ ಸೆಕೆಂಡಿಗೆ 25.6 ಗಿಗಾಬೈಟ್ ಸಾಗುತ್ತದೆ, ಎರಡು ತುಂಡಾದರೆ 51.2. ಅದೇ 16 ಜಿಬಿಯನ್ನು ಒಂದೇ ತುಂಡಾಗಿ ಹಾಕುವುದಕ್ಕೂ 8 ಮತ್ತು 8 ಆಗಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಪತ್ರ ಬರೆಯುವಾಗ, ಮಿಂಚಂಚೆ ಓದುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಆಟ ಆಡಿದಿರೋ, ಎದ್ದು ಕಾಣುತ್ತದೆ.

ನಿಮ್ಮದರಲ್ಲಿ ಪರೀಕ್ಷಿಸಲು ಸ್ಕ್ರೂ ಬಿಚ್ಚುವ ಅಗತ್ಯವಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. ಕೆಳಗೆ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬ ಸಾಲು ಇರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ, ಅದೇ ಬಗೆಯ, ಅದೇ ವೇಗದ ಇನ್ನೊಂದು ತುಂಡು ತಂದು ಹಾಕಿಸಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ. ಅದನ್ನು ರಿಪೇರಿ ಎನ್ನುವುದೂ ತಪ್ಪು. ಅರ್ಧಕ್ಕೆ ಬಿಟ್ಟ ಕೆಲಸವನ್ನು ನಾವು ಮುಗಿಸುತ್ತಿದ್ದೇವೆ.

ಪ್ರ: ಆರ್‌ಟಿಎಕ್ಸ್ 2050 ಮತ್ತು 3050 ಒಂದೇ ಎಂದು ಗೆಳೆಯ ಹೇಳುತ್ತಾನೆ. ನಿಜವೇ?

ಉ: ಅರ್ಧ ನಿಜ. 20 ಎಂಬ ಹೆಸರಿದ್ದರೂ 2050ರ ವಿನ್ಯಾಸ 30ರ ಸಾಲಿನದೇ. ಎರಡರಲ್ಲೂ 2048 ‘ಕೂಡಾ’ (CUDA) ಕೋರ್, ಅಂದರೆ ಎನ್ವಿಡಿಯಾ ಚಿಪ್‌ನ ಲೆಕ್ಕದ ಪುಟ್ಟ ಘಟಕಗಳು; 4 ಜಿಬಿ ಮೆಮೊರಿ. ಆದರೆ 2050ರ ಮೆಮೊರಿ ದಾರಿ 64 ಬಿಟ್ ಅಗಲ, 3050ರದು 128. ವಿದ್ಯುತ್ತಿನಲ್ಲೂ 2050ಕ್ಕೆ 45 ವ್ಯಾಟ್ ಮಿತಿ, 3050 ಗರಿಷ್ಠ 80ರವರೆಗೆ ಹೋಗುತ್ತದೆ. ಆಮೇಲೆ 3050ರ 6 ಜಿಬಿ ರೂಪವೊಂದು ಬಂತು. ಅದರಲ್ಲಿ ಕೋರ್ 2560ಕ್ಕೆ ಏರಿತು, ದಾರಿ 96 ಬಿಟ್‌ಗೆ ಇಳಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ. ಆದರೂ ಈಗಿನ ಆಟಗಳಿಗೆ 4 ಜಿಬಿ ಬಹಳ ಇಕ್ಕಟ್ಟು. ಎರಡರ ನಡುವೆ ಆರಿಸುವುದಾದರೆ 6 ಜಿಬಿಯದನ್ನೇ ಆರಿಸಿ.

ಪ್ರ: ನನ್ನ ತೆಳು ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ 4050 ಇದೆ. ಸಹಪಾಠಿಯ ದಪ್ಪ ಲ್ಯಾಪ್‌ಟಾಪಿನಲ್ಲೂ ಅದೇ 4050. ಒಂದೇ ಆಟದಲ್ಲಿ ಅವನಿಗೆ ಸಲೀಸು, ನನಗೆ ತಡವರಿಕೆ. ಡ್ರೈವರ್ ಮತ್ತೆ ಹಾಕಿದೆ, ವಿಂಡೋಸ್ ಮತ್ತೆ ಹಾಕಿದೆ. ಇನ್ನೇನು ಮಾಡಲಿ?

ಉ: ಇನ್ನೇನನ್ನೂ ಮತ್ತೆ ಹಾಕಬೇಡಿ. ನನ್ನ ತಮ್ಮನ ಮಗನೂ ಇದೇ ದಾರಿ ಹಿಡಿದು ಒಂದು ಭಾನುವಾರ ಪೂರ್ತಿ ಕಳೆದಿದ್ದ. ಗ್ರಾಹಕ ಸೇವೆಯವರು ಅವನಿಗೆ ಮೂರು ಸಲ ವಿಂಡೋಸ್ ಅಳಿಸಿ ಹಾಕಿಸಿದ್ದರು. ಸಂಜೆ ನನ್ನ ಬಳಿ ಬಂದಾಗ ನಾನು ಎರಡೂ ಲ್ಯಾಪ್‌ಟಾಪ್‌ಗಳ ಚಾರ್ಜರ್‌ಗಳನ್ನು ಪಕ್ಕಪಕ್ಕ ಇಡಲು ಹೇಳಿದೆ. ಗೆಳೆಯನದು ಇಟ್ಟಿಗೆಯಂತಿತ್ತು, ಇವನದು ಅಂಗೈಯಲ್ಲಿ ಅಡಗುತ್ತಿತ್ತು. ಉತ್ತರ ಅಲ್ಲೇ ಇತ್ತು.

ಲ್ಯಾಪ್‌ಟಾಪಿನ 4050 ಎಂಬುದು ಒಂದು ನಿಗದಿಯಾದ ವಸ್ತುವಲ್ಲ. 2560 ಕೋರ್, 6 ಜಿಬಿ ಎಂಬುದಷ್ಟೇ ಸಮಾನ. ಅದಕ್ಕೆ ಎಷ್ಟು ವಿದ್ಯುತ್ ಉಣಿಸಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರಿಗೇ ಬಿಡಲಾಗಿದೆ: 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಾದರೂ ಆಗಬಹುದು. ಮೂರು ಪಟ್ಟಿಗೂ ಹೆಚ್ಚಿನ ಅಂತರ, ಹೆಸರು ಮಾತ್ರ ಒಂದೇ. ತೆಳು ಮೈಯೊಳಗೆ 100 ವ್ಯಾಟ್‌ನ ಶಾಖವನ್ನು ಹೊರಹಾಕಲು ಜಾಗವಿರುವುದಿಲ್ಲ, ಆದ್ದರಿಂದ ಅಲ್ಲಿ ಕಡಿಮೆ ಇಡುತ್ತಾರೆ. ಮೊದಲು ತೆಳು ಲ್ಯಾಪ್‌ಟಾಪಿನ ಕಾರ್ಡ್‌ಗಳ ಹೆಸರಿನ ಕೊನೆಗೆ ‘ಮ್ಯಾಕ್ಸ್-ಕ್ಯೂ’ ಎಂಬ ಬಾಲ ಇರುತ್ತಿತ್ತು, ಗುರುತು ಹಿಡಿಯಬಹುದಿತ್ತು. 30ರ ಸಾಲಿನಿಂದ ಆ ಬಾಲವೂ ಹೋಯಿತು. ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ ಇದು.

ನಿಮ್ಮದು ಎಷ್ಟೆಂದು ತಿಳಿಯಲು ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಸಿಸ್ಟಮ್ ಇನ್ಫರ್ಮೇಶನ್‌ಗೆ ಹೋಗಿ, ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲು ಓದಿ. ತಮ್ಮನ ಮಗನದರಲ್ಲಿ 55 ಎಂದಿತ್ತು, ಗೆಳೆಯನದರಲ್ಲಿ 105. ಹಾಗೆಂದು ವ್ಯಾಟ್ ದುಪ್ಪಟ್ಟಾದರೆ ಆಟವೂ ದುಪ್ಪಟ್ಟು ಓಡುವುದಿಲ್ಲ. ಕೆಳಗಿನ ಹಂತದಲ್ಲಿ ಪ್ರತಿ ಹತ್ತು ವ್ಯಾಟ್‌ಗೂ ಫಲ ಕಾಣುತ್ತದೆ, ಮೇಲೆ ಹೋದಂತೆ ಫಲ ತೆಳುವಾಗುತ್ತದೆ, ಶಾಖ ಮಾತ್ರ ಏರುತ್ತದೆ. ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ ಈ ಅಂಕಿಯನ್ನು ಹುಡುಕಿ. ಅಲ್ಲಿ ಇಲ್ಲದಿದ್ದರೆ ಚಾರ್ಜರ್ ಎಷ್ಟು ವ್ಯಾಟ್‌ನದೆಂದು ಕೇಳಿ. 45 ವ್ಯಾಟ್ ಪ್ರೊಸೆಸರ್, 100 ವ್ಯಾಟ್ ಗ್ರಾಫಿಕ್ಸ್ ಎಂದು ಹೇಳಿಕೊಂಡು ಜೊತೆಗೆ 120 ವ್ಯಾಟ್ ಚಾರ್ಜರ್ ಕೊಟ್ಟಿದ್ದರೆ ಕೂಡುವ ಲೆಕ್ಕ ಬಂದವರಿಗೆ ಎಲ್ಲವೂ ತಿಳಿಯುತ್ತದೆ. ಇಡೀ ಪೆಟ್ಟಿಗೆಯಲ್ಲಿ ನಾನು ಪೂರ್ತಿ ನಂಬುವ ಸ್ಟಿಕ್ಕರ್ ಚಾರ್ಜರಿನ ಮೇಲಿರುವುದೊಂದೇ.

ನಿಮಗೆ ಸದ್ಯಕ್ಕೆ ಮಾಡಬಹುದಾದದ್ದು: ತಯಾರಕರ ತಂತ್ರಾಂಶದಲ್ಲಿ ಹೆಚ್ಚಿನ ಸಾಮರ್ಥ್ಯದ ಆಯ್ಕೆ ಇದ್ದರೆ ಅದನ್ನು ಒತ್ತಿ, ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ ಇಡಿ, ಆಟದಲ್ಲಿ ಡಿಎಲ್‌ಎಸ್‌ಎಸ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸುವ ಎನ್ವಿಡಿಯಾ ಉಪಾಯ) ಸೌಲಭ್ಯವಿದ್ದರೆ ಬಳಸಿ. ಮತ್ತು ನಿಮ್ಮದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಾಗ ಸಹಪಾಠಿಯ ಕಡೆಗೊಮ್ಮೆ ನೋಡಿ.

ಪ್ರ: ಮೊಬೈಲಿನಲ್ಲಿ ಚಿತ್ರೀಕರಿಸಿದ ಅಡುಗೆಯ ವಿಡಿಯೊಗಳನ್ನು ಸಂಕಲಿಸಿ ಯೂಟ್ಯೂಬಿಗೆ ಹಾಕುತ್ತೇನೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕೇ?

ಉ: ಇರಲೇಬೇಕಿಲ್ಲ. ಕತ್ತರಿಸಿ ಜೋಡಿಸುವ, ಅಕ್ಷರ ಹಾಕುವ, ಬಣ್ಣ ತುಸು ತಿದ್ದುವ ಮಟ್ಟದ ಕೆಲಸದಲ್ಲಿ ಭಾರ ಬೀಳುವುದು ವಿಡಿಯೊ ಕಡತವನ್ನು ಬಿಡಿಸಿ ಓದುವುದರ ಮೇಲೆ. ಅದಕ್ಕೆಂದೇ ಇಂಟೆಲ್ ಚಿಪ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವಿದೆ, ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಒಂದು ತಮಾಷೆ ಗೊತ್ತೇ? ಕೆಲವು ಒಳ್ಳೆಯ ಕ್ಯಾಮೆರಾಗಳು 10 ಬಿಟ್ 4:2:2 ಬಗೆಯ (ಬಣ್ಣದ ವಿವರ ಹೆಚ್ಚಿರುವ) ಎಚ್‌ಇವಿಸಿ ವಿಡಿಯೊ ಕಡತಗಳನ್ನು ಕೊಡುತ್ತವೆ. ಇಂಟೆಲ್‌ನ 11ನೇ ಪೀಳಿಗೆಯ ಸಾಧಾರಣ ಐರಿಸ್ ಗ್ರಾಫಿಕ್ಸ್ ಕೂಡ ಅವನ್ನು ಸಲೀಸಾಗಿ ಬಿಡಿಸುತ್ತದೆ. ಎನ್ವಿಡಿಯಾ ಕಾರ್ಡ್‌ಗಳಿಗೆ ಆ ವಿದ್ಯೆ ಬಂದದ್ದು 50ರ ಸಾಲಿನಲ್ಲಿ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದಲ್ಲಿ ಗಂಭೀರವಾಗಿ ಬಣ್ಣದ ಕೆಲಸ, ಚಿತ್ರದ ಗದ್ದಲ ತೆಗೆಯುವ ಕೆಲಸ ಮಾಡುವವರಾದರೆ ಕಾರ್ಡ್ ಬೇಕು. ನಿಮ್ಮ ಹಣವನ್ನು 16 ಜಿಬಿ ರ್‍ಯಾಮ್‌ಗೂ ಬಣ್ಣ ಸರಿಯಾಗಿ ತೋರಿಸುವ ಪರದೆಗೂ ಹಾಕಿ. ಸಾಂಬಾರು ಕೆಂಪೋ ಕಂದೋ ಎಂದು ಪರದೆಯಲ್ಲೇ ತಿಳಿಯದಿದ್ದರೆ ಪ್ರೊಸೆಸರ್ ಏನು ಮಾಡೀತು?

ಪ್ರ: ಕೃತಕ ಬುದ್ಧಿಮತ್ತೆ ಕಲಿಯಬೇಕೆಂದಿದ್ದೇನೆ. ‘ಎಐ ಪಿಸಿ’ ಎಂಬ ಲ್ಯಾಪ್‌ಟಾಪ್‌ನಲ್ಲಿ ಎನ್‌ಪಿಯು ಇದೆಯಂತೆ. ಅದನ್ನು ಕೊಂಡರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ?

ಉ: ಎನ್‌ಪಿಯು, ಅಂದರೆ ಕೃತಕ ಬುದ್ಧಿಮತ್ತೆಯ ಲೆಕ್ಕಕ್ಕೆಂದೇ ಪ್ರೊಸೆಸರ್ ಒಳಗಿಟ್ಟ ಭಾಗ, ಇರುವುದು ವಿಡಿಯೊ ಕರೆಯಲ್ಲಿ ಹಿನ್ನೆಲೆ ಮಸುಕಾಗಿಸುವುದು, ಮಾತನ್ನು ಅಕ್ಷರಕ್ಕಿಳಿಸುವುದು ಮೊದಲಾದ ಕೆಲಸಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡುವುದಕ್ಕೆ. ಕಲಿಯುವವರು ಬಳಸುವ ಪೈಟಾರ್ಚ್‌ನಂಥ ಸಾಧನಗಳಲ್ಲಿ ಮಾದರಿಗಳನ್ನು ತರಬೇತುಗೊಳಿಸುವ ಸಲೀಸಾದ ದಾರಿ ಎನ್ವಿಡಿಯಾದ ‘ಕೂಡಾ’ (CUDA) ವ್ಯವಸ್ಥೆ. ಅಲ್ಲಿ ಮುಖ್ಯವಾಗುವುದು ಕಾರ್ಡಿನ ಸ್ವಂತ ಮೆಮೊರಿ. ಭಾಷಾ ಮಾದರಿಯೊಂದರಲ್ಲಿ 700 ಕೋಟಿ ನಿಯತಾಂಕಗಳು, ಅಂದರೆ ಅದು ಕಲಿತು ಇಟ್ಟುಕೊಂಡ ಅಂಕಿಗಳು, ಇವೆ ಎನ್ನಿ. ಪ್ರತಿಯೊಂದನ್ನೂ 4 ಬಿಟ್‌ಗೆ ಕುಗ್ಗಿಸಿದರೂ 3.5 ಗಿಗಾಬೈಟ್ ಆಗುತ್ತದೆ. ಕೆಲಸ ಮಾಡಲು ಮೇಲೆ ಇನ್ನಷ್ಟು ಜಾಗ ಬೇಕು. 4 ಜಿಬಿ ಕಾರ್ಡಿನಲ್ಲಿ ಅದು ಉಸಿರುಗಟ್ಟುತ್ತದೆ, 6 ಜಿಬಿಯಲ್ಲಿ ಕೂರುತ್ತದೆ, 8 ಜಿಬಿಯಲ್ಲಿ ಕಾಲು ಚಾಚುತ್ತದೆ. ಮೊದಲ ಆರು ತಿಂಗಳ ಪಾಠಗಳಿಗೆ ಏನೂ ಬೇಡ, ಈಗಿರುವ ಲ್ಯಾಪ್‌ಟಾಪೇ ಸಾಕು. ಆಸಕ್ತಿ ಉಳಿದರೆ ಆಮೇಲೆ ಕೊಳ್ಳಿ.

ಪ್ರ: ಬಳಸಿದ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಗುತ್ತಿದೆ, ಐ7-7500ಯು. ಅದೇ ಬೆಲೆಗೆ ಸ್ವಲ್ಪ ಸೇರಿಸಿದರೆ ಹೊಸ ಐ3-1215ಯು ಬರುತ್ತದೆ.

ಉ: ಮೇಲೆ ನನ್ನ ತಪ್ಪೊಪ್ಪಿಗೆ ಓದಿದಿರಲ್ಲ, ಅದೇ ಚಿಪ್. 2 ಕೋರ್, 4 ಥ್ರೆಡ್. ಐ3-1215ಯು ಒಳಗೆ ದೊಡ್ಡವು 2, ಚಿಕ್ಕವು 4, ಒಟ್ಟು 8 ಥ್ರೆಡ್. ಕೋರ್‌ಗಳೂ ಐದು ಪೀಳಿಗೆ ಮುಂದಿನವು. ಮತ್ತೊಂದು ತೊಡಕು: ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ಪೀಳಿಗೆಯಿಂದೀಚಿನದನ್ನು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಾದರೆ ಹಳೆಯದೂ ನಡೆಯುತ್ತದೆ. ನನ್ನದು ಈಗ ಅದರಲ್ಲೇ ಓಡುತ್ತಿದೆ, ಹಾಡು ಕೇಳುವುದಕ್ಕೆ. ನೀವು ಐ3 ಕೊಳ್ಳಿ.

ಪ್ರ: ಗೇಮಿಂಗ್ ಲ್ಯಾಪ್‌ಟಾಪ್, ಬ್ಯಾಟರಿ ಹೊಸದು, ಪೂರ್ತಿ ಚಾರ್ಜ್ ಆಗಿದೆ. ಕೇಬಲ್ ತೆಗೆದ ಕೂಡಲೇ ಆಟ ಕುಂಟುತ್ತದೆ. ಬ್ಯಾಟರಿ ಬದಲಿಸಬೇಕೇ?

ಉ: ಬೇಡ. ಬ್ಯಾಟರಿಯ ಮೇಲೆ ಬರೆದ ವ್ಯಾಟ್-ಅವರ್ ಓದಿ. 50 ಎಂದಿದೆ ಎನ್ನೋಣ. ಆಟದ ಹೊತ್ತಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ಪರದೆ ಸೇರಿ 100 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಖಾಲಿ. ಅಷ್ಟು ಜೋರಾಗಿ ಎಳೆಯುವುದು ಬ್ಯಾಟರಿಗೂ ಒಳ್ಳೆಯದಲ್ಲ. ಆದ್ದರಿಂದ ಕೇಬಲ್ ತೆಗೆದ ಕ್ಷಣವೇ ಲ್ಯಾಪ್‌ಟಾಪ್ ಎರಡಕ್ಕೂ ಕಡಿವಾಣ ಹಾಕುತ್ತದೆ. ಕೇಬಲ್ ಸಿಕ್ಕಿಸಿಕೊಂಡೇ ಆಡಿ.